ಚಾಪೆ ಎತ್ತುವ ಕೈ

ಉಪೋಲು ದ್ವೀಪ
ಜೂನ್ ೧೪

ಪ್ರೀತಿಯ ಲಾಫಾಯೆಲೆ,

ಬೈದುಕೊಂಡಾದರೂ ಓದು. ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕೋಕೋ ಮುಗಿದು ತಿಂಗಳುಗಳಾದವು, ಉತ್ತರ ಈಗ ಬರೆಯುತ್ತಿದ್ದೇನೆ. ಮಂಡಿನೋವೆಂದು ನೆಪ ಹೇಳಬಹುದಿತ್ತು, ಆದರೆ ಮಂಡಿಯಿಂದ ಯಾರೂ ಪತ್ರ ಬರೆಯುವುದಿಲ್ಲವಲ್ಲ. ನಿನ್ನ ಕೆಸುವಿನ ತೋಟ ಹೇಗಿದೆ? ಸುಟ್ಟ ಕೈ ಮಳೆ ಬಂದರೆ ಈಗಲೂ ಸೆಳೆಯುತ್ತದೆಯೇ?

ಇಲ್ಲೊಂದು ತಮಾಷೆ ನಡೆಯಿತು. ನಿವೃತ್ತ ಪಾದ್ರಿಗೆ ಬೇರೆ ಕೆಲಸವೇನಿದೆ ಎಂದು ಯುವಕರ ಸಭೆಗೆ ಮಾತಾಡಲು ಕರೆದರು. ಮನುಷ್ಯರನ್ನೆಲ್ಲ ಮೀರಿಸುವ ಯಂತ್ರಬುದ್ಧಿಯೊಂದು ಮುಂದೆ ಬರುತ್ತದಂತೆ. ಅದು ದೇವರಿಗೆ ಸಮವೇ ಎಂಬುದು ವಿಷಯ. ಪಾದ್ರಿ ಕಾಲೇಜಿನಲ್ಲಿ ನಮ್ಮ ಪ್ರಾಂಶುಪಾಲರು ಬರೆಸುತ್ತಿದ್ದಂತೆಯೇ ದೇವರ ಗುಣಗಳನ್ನು ಹಲಗೆಯ ಮೇಲೆ ಬರೆದೆ. ಮೊಮ್ಮಗಳು ಫೆತೂ ಎದ್ದು ನಿಂತಳು.

"ಎಲ್ಲಾ ತಿಳಿದಿರುತ್ತೆ, ಎಲ್ಲಾ ಕಡೆ ಇರುತ್ತೆ, ಕರೆದ್ರೆ ಓಗೊಡುತ್ತೆ. ಇವೆಲ್ಲ ಅದಕ್ಕೂ ಬರುತ್ತಲ್ಲ ತಾತ, ಇನ್ನೇನು ಬಾಕಿ?"

ಸೃಷ್ಟಿ ಎಂದೆ. ಅದನ್ನೂ ಮಾಡುತ್ತೆ ಬಿಡಿ ಎಂದಳು. ಸಭೆಯೆಲ್ಲ ನಕ್ಕಿತು. ನನಗೆ ಸಿಟ್ಟು ಬರಲಿಲ್ಲ ಕಣೋ, ನೀನು ನೆನಪಾದೆ. ಎಲ್ಲ ತಿಳಿದ ದೇವರಿಗೆ ನಾವು ಪ್ರಾರ್ಥನೆಯಲ್ಲಿ ಹೊಸದಾಗಿ ಹೇಳುವುದೇನು ಎಂದು ನೀನು ತರಗತಿಯಲ್ಲಿ ಕೇಳಿದ್ದೆ. ಅದಕ್ಕೆ ಪ್ರಾಂಶುಪಾಲರು ನಿನ್ನಿಂದ ವಾರವಿಡೀ ಕಳೆ ಕೀಳಿಸಿದರು. ನಾನೂ ಜೊತೆಗೆ ಬಂದು ಕೂತು, ಕಳೆ ಕೀಳುವುದು ಬಿಟ್ಟು ಹಾಡು ಹೇಳುತ್ತಿದ್ದೆ. ಅಂಥ ದಿನಗಳು ಮತ್ತೆ ಬರಲಿಲ್ಲ. ನಿನ್ನನ್ನು ಕಾಲೇಜಿನಿಂದ ಹೊರಹಾಕದಿದ್ದರೆ ನಮ್ಮಿಬ್ಬರಲ್ಲಿ ಒಳ್ಳೆಯ ಪಾದ್ರಿ ನೀನೇ ಆಗುತ್ತಿದ್ದೆ.

ಸಭೆಯಾದ ಎರಡೇ ದಿನಕ್ಕೆ ಪಕ್ಕದ ಮನೆಯವನಿಗೆ ಲಾರಿ ಬಡಿದು ಕಾಲು ಮುರಿಯಿತು. ಮರುದಿನ ಬೆಳಗಾಗುವ ಹೊತ್ತಿಗೆ ಲಾರಿಯವನ ಮನೆಮಂದಿಯೆಲ್ಲ ಬಂದು, ಹಿರಿಯನ ತಲೆ ಮೇಲೆ ಕುಲದ ಚಾಪೆ ಹೊದಿಸಿ, ಕ್ಷಮೆ ಬೇಡಿ ಅಂಗಳದಲ್ಲಿ ತಲೆ ತಗ್ಗಿಸಿ ಕೂತರು. ಮಧ್ಯಾಹ್ನದವರೆಗೂ ಒಳಗಿನಿಂದ ಯಾರೂ ಬರಲಿಲ್ಲ. ಆಮೇಲೆ ಕಾಲು ಮುರಿದವನ ತಾಯಿ ಬಂದು ಚಾಪೆ ಎತ್ತಿ ಕ್ಷಮಿಸಿದಳು. ನಾನು ಬೇಲಿಯ ಪಕ್ಕ ನಿಂತು ಎಲ್ಲ ನೋಡಿದೆ. ನಿನಗೆ ಹೇಳದೆ ಉಳಿಸಿಕೊಂಡ ಮಾತೊಂದು ನನ್ನಲ್ಲಿದೆ.

ಫೆತೂಳ ಫೋನಿನಲ್ಲಿ ಆ ಯಂತ್ರಬುದ್ಧಿಯ ಈಗಿನ ಮರಿಯೊಂದಿದೆ, ಮಾತಾಡುತ್ತದೆ. ಹೆಸರು ಹೇಳದೆ ಅದಕ್ಕೆ ನನ್ನ ತಪ್ಪನ್ನೆಲ್ಲ ಒಪ್ಪಿಸಿದೆ. ನಲವತ್ತೊಂದು ವರ್ಷ ದೇವರಿಗೆ ಒಪ್ಪಿಸಿ, ಪ್ರತಿ ರಾತ್ರಿ ಕ್ಷಮೆ ಸಿಕ್ಕಿತೆಂದು ಮಲಗಿದವನು ನಾನು. ಇದೂ ಹಾಗೇ ಮಾಡೀತು ಎಂದುಕೊಂಡೆ. ಅದು ಮೃದುವಾಗಿ, "ಕ್ಷಮಿಸೋ ಹಕ್ಕು ನನ್ನದಲ್ಲ. ಅವರಿಗೆ ಹೇಳಿದ್ದೀರಾ?" ಎಂದಿತು.

ಸಿಟ್ಟಿನಿಂದ ಫೋನನ್ನು ಕವುಚಿ ಹಾಕಿದೆ. ಆಮೇಲೆ ನಾಚಿಕೆಯಾಯಿತು. ಅದು ದೇವರಲ್ಲ ಮಾರಾಯ, ಮುಂದೆ ಎಷ್ಟೇ ಬೆಳೆದರೂ ಆಗಲಾರದು. ಆದರೆ ಚಾಪೆ ಎತ್ತುವ ಕೈ ತನ್ನದಲ್ಲ ಎಂಬುದು ಅದಕ್ಕೆ ತಿಳಿದಿತ್ತು. ಕೇಳಿದಾಗಲೆಲ್ಲ ಕ್ಷಮೆ ಕೊಡುವ ಯಂತ್ರವನ್ನಾಗಿ ನಾನು ಮಾಡಿಕೊಂಡದ್ದು ದೇವರನ್ನು.

ನಿನ್ನ ಮನೆಯವರಿಗೆಲ್ಲ ಆ ದೇವರ ನೆರಳಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ನಫತಾಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಕಾಲೇಜಿನ ಪುಸ್ತಕದ ಮನೆಗೆ ಬೆಂಕಿ ಬಿದ್ದದ್ದು ನನ್ನ ಸಿಗರೇಟಿನಿಂದ. ನಾನು ಒಳಗಿದ್ದೇನೆಂದು ನೀನು ನುಗ್ಗಿದೆ, ಕೈ ಸುಟ್ಟುಕೊಂಡೆ, ಬೆಂಕಿಯಿಟ್ಟವನೆಂದು ಸಿಕ್ಕಿಬಿದ್ದೆ. ನಾನು ಹಲಸಿನ ಮರದ ಹಿಂದೆ ನಿಂತು ನೋಡುತ್ತಿದ್ದೆ. ಶನಿವಾರ ಮೊದಲ ದೋಣಿಗೆ ಬರುತ್ತೇನೆ. ನಮ್ಮಮ್ಮ ಹೆಣೆದ ಚಾಪೆ ಹೊದ್ದು ನಿನ್ನ ಅಂಗಳದಲ್ಲಿ ಕೂತಿರುತ್ತೇನೆ. ಬಿಸಿಲೇರಿದರೂ ಅವಸರ ಮಾಡಬೇಡ.