ಚಿಕ್ಕವಳ ಪದವಿಗೆ ಕುಕೀ ಬಾರ್

ಅಮ್ಮಾ,

ನಿನ್ನ ಚಿಕ್ಕ ಮಗಳು ಇವತ್ತು ಪದವೀಧರೆ. ಪಾರ್ಟಿಗೆ ನಿನ್ನ ಬೇಕರಿಯಲ್ಲೇ ಟ್ರೇ ತುಂಬಾ ಕುಕೀ ಹಿಟ್ಟು ಬೇಯಿಸಿ, ತುಂಡು ಕತ್ತರಿಸಿ ಕುಕೀ ಬಾರ್ ಮಾಡಿದೆ, ಒಂದೊಂದರ ಮೇಲೂ ಪದವಿ ಟೋಪಿಯಂಥದ್ದೇ ಚಾಕಲೇಟಿನ ಚೌಕ ಟೋಪಿ. ನಿಜ ಹೇಳ್ತೀನಿ, ಕೆಡಿಸಬೇಕು ಅಂತಲೇ ಹೊರಟಿದ್ದೆ. ಬಾಯಿಗಿಡೋಕೆ ಆಗದ ಹಾಗಿದ್ದಿದ್ರೆ "ಅಂಗಡಿ ಮುಚ್ಚೋಣ, ನಾನೂ ಬಿಟ್ಟ ಓದು ಮುಗಿಸ್ತೀನಿ" ಅನ್ನೋದು ಸುಲಭವಾಗ್ತಿತ್ತು. ಆದ್ರೆ ಓವನ್ನಿನ ಎಡಮೂಲೆಯಲ್ಲಿ ಬೇಗ ಸೀದುಹೋಗುತ್ತಲ್ಲ, ಅರ್ಧ ಬೆಂದಾಗ ಈ ಹಾಳು ಕೈ ತಾನಾಗೇ ಹೋಗಿ ಟ್ರೇ ತಿರುಗಿಸಿಬಿಡ್ತು, ನೀನು ತಿರುಗಿಸ್ತಿದ್ದ ಹಾಗೇ.

ಅಪ್ಪ ಒಂದು ತುಂಡು ತಿಂದು ಕಣ್ಣೊರೆಸಿಕೊಂಡರು. "ಥೇಟ್ ನಿಮ್ಮಮ್ಮನ ಕೈರುಚಿ. ಇನ್ನು ಅಂಗಡಿ ಚಿಂತೆ ನನಗಿಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಸ್ಪತ್ರೆಗೆ ಹೊರಟಾಗ "ಎರಡು ತಿಂಗಳು ಅಂಗಡಿ ನೋಡ್ಕೋ" ಅಂದವಳು ನೀನು, ವಾಪಸ್ ಬರಲೇ ಇಲ್ಲ. ಆರು ವರ್ಷವಾಯ್ತು.

ಚಿಕ್ಕವಳು ತನ್ನ ಟೋಪಿ ನನ್ನ ತಲೆಗಿಟ್ಟು ಫೋಟೋ ತೆಗೆದಳು. ಚೆನ್ನಾಗೇ ಬಂದಿದೆ. ಕೆಳಗೆ ನಾನು ಕಟ್ಟಿಕೊಂಡಿದ್ದ ನಿನ್ನ ಏಪ್ರನ್ನೂ ಕಾಣುತ್ತೆ.