ಕೋಮಲಾಳ ಎರಡು ಫಿಲ್ಮು

ಮಾರ್ಚ್ 11, ಸಂಜೆ 6.20

ಇವತ್ತು ಮೂವತ್ತೆಂಟು ಎಕ್ಸ್‌ರೇ ತೆಗೆದೆ. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಬಂದವರೆಲ್ಲ ಮಂಡಿ ಕೆಲಸ ಮುಗಿಸಿ, ಮಂಡಿನೋವು ತೋರಿಸಲು ನಮ್ಮ ನರ್ಸಿಂಗ್ ಹೋಮಿಗೇ ಬರುತ್ತಾರೆ.

ಕೊನೆಯಲ್ಲಿ ಹುಳಿಯಾರು ಕಡೆಯ ಹಟ್ಟಿಯಿಂದ ಕೋಮಲಾ ಅಂತ ಒಬ್ಬಳು. ಟಗರು ಗುದ್ದಿ ಸೊಂಟ ಹಿಡಿದಿದೆ. ಜೊತೆಗೆ ಮಾವ ಯತ್ತಪ್ಪ. ಮುಟ್ಟಾಗಿ ಎಷ್ಟು ದಿನ ಎಂದು ಕೇಳಿದೆ. ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ನನಗೋ ಬಸ್ಸಿನ ಅವಸರ. ಫಾರಂನಲ್ಲಿ 'ಗರ್ಭಿಣಿ ಅಲ್ಲ' ಅಂತ ನಾನೇ ಟಿಕ್ ಹಾಕಿದೆ. ಎರಡು ಫಿಲ್ಮು. ಮೂಳೆ ಮುರಿದಿಲ್ಲ. ಶೆಟ್ಟಿಕೆರೆ ಬಸ್ಸು ಸಿಕ್ಕಿತು.

ಏಪ್ರಿಲ್ 3, ಮಧ್ಯಾಹ್ನ 1.00

ಊಟ ಸೇರಲಿಲ್ಲ. ಕೋಮಲಾ ಮತ್ತೆ ಬಂದಿದ್ದಳು, ಅತ್ತೆ ಜಯಕ್ಕನ ಜೊತೆ. ಎರಡು ತಿಂಗಳು ತುಂಬಿದೆ. ಅಂದರೆ ಎಕ್ಸ್‌ರೇ ತೆಗೆದಾಗಲೇ ಬಸಿರಿತ್ತು.

"ಮಾವ ಎದ್ರುಗೇ ನಿಂತಿದ್ರು ಕಣಕ್ಕ. ಹೆಂಗ್ ಹೇಳ್ಲಿ?"

ಹದಿನಾಲ್ಕು ವರ್ಷದ ಸರ್ವಿಸ್. ಒಬ್ಬ ಗಂಡಸನ್ನು ಐದು ನಿಮಿಷ ಆಚೆ ಕಳಿಸುವ ಬುದ್ಧಿ ಬರಲಿಲ್ಲ.

"ಕರೆಂಟ್ ತಗುಲಿದ ಮಗು ಕುರುಡೋ ಕುಂಟೋ ಆಯ್ತದಂತೆ," ಎಂದರು ಜಯಕ್ಕ. "ನಮ್ಮೆಜಮಾನ್ರು ತೆಗ್ಸಿಬುಡಿ ಅಂತವ್ರೆ."

ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು... ತಪ್ಪು ನನ್ನದು ಎಂದು ಹೇಳಿಬಿಟ್ಟೆ. ಮೂರು ದಿನ ತಡೆಯಿರಿ ಎಂದು ಬೇಡಿಕೊಂಡೆ.

ಅದೇ ದಿನ, 4.45

ಅವತ್ತಿನ ಮಷಿನ್ ರೀಡಿಂಗ್ ಎಲ್ಲ ತುಮಕೂರಿನ ಗಂಗಾಧರ್ ಸರ್‌ಗೆ ಕಳಿಸಿದೆ. ನಮ್ಮ ಮಷಿನ್ ತಪಾಸಣೆಗೆ ಬರುವವರು, ವಿಕಿರಣದ ಲೆಕ್ಕ ಅರೆದು ಕುಡಿದವರು. ಟಿಕ್ ಹಾಕಿದ್ದನ್ನೂ ಬರೆದೆ. ಕೆಲಸ ಹೋದರೆ ಹೋಗಲಿ.

ಏಪ್ರಿಲ್ 5

ಸರ್ ಫೋನ್ ಮಾಡಿದರು. "ಮಗುವಿಗೆ ತಲುಪಿರೋ ವಿಕಿರಣ ಮೂರು ಮಿಲಿಗ್ರೇ ಒಳಗೇ ರಾಧಾಮಣಿ. ಅಂಗ ಊನ ಆಗುತ್ತೆ ಅಂತ ಹೆದರಬೇಕಾದ್ದು ನೂರರ ಹತ್ತಿರ ಹೋದ್ರೆ. ಇದಕ್ಕೋಸ್ಕರ ತೆಗೆಸೋದು ಬೇಡ, ಬರೆದೇ ಕೊಡ್ತೀನಿ. ಆದ್ರೆ ಉತ್ತರ ಸಿಗದೆ ಟಿಕ್ ಹಾಕಿದ್ದು ದೊಡ್ಡ ತಪ್ಪು ಕಣಮ್ಮ."

ಬೈಸಿಕೊಂಡು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ಏಪ್ರಿಲ್ 6, ಬೆಳಿಗ್ಗೆ 11.30

ನಮ್ಮ ಹೆರಿಗೆ ಡಾಕ್ಟರ್ ಗಿರಿಜಾಂಬಿಕಾ ಮೇಡಂ ಆ ಪತ್ರ ಓದಿ ಯತ್ತಪ್ಪನವರಿಗೆ ಬಿಡಿಸಿ ಹೇಳಿದರು. ಅವರು ಒಪ್ಪಲಿಲ್ಲ.

"ಹುಟ್ಟಿದ್ಮೇಲೆ ಸಾಕೋರು ನಾವು ಕಣಮ್ಮ. ಕಾಗ್ದ ಸಾಕ್ತದಾ?"

ಕೋಮಲಾ ಬಾಯಿಂದ ಸೆರಗು ತೆಗೆದಳು. "ಮಾವ, ನಾನ್ ತೆಗ್ಸಲ್ಲ."

ಜಯಕ್ಕ ಗಾಬರಿಯಿಂದ ಗಂಡನ ಮುಖ ನೋಡಿದರು. ಯತ್ತಪ್ಪ ಟವೆಲ್ ಕೊಡವಿದರು, ಹೆಗಲಿಗೆ ಹಾಕಿಕೊಂಡರು, ಮತ್ತೆ ಕೊಡವಿದರು. ಕೊನೆಗೆ, "ಆಯ್ತು ಬುಡವ್ವ," ಎಂದರು.

ಡಾರ್ಕ್ ರೂಮಿಗೆ ಹೋಗಿ ಅತ್ತುಬಿಟ್ಟೆ.

ಏಪ್ರಿಲ್ 9

ಇವತ್ತಿನಿಂದ ಹೆಂಗಸರನ್ನು ಒಬ್ಬರನ್ನೇ ಒಳಗೆ ಕೂರಿಸಿ ಕೇಳುವುದು. ಗಂಡ, ಮಾವ, ಭಾವ ಎಲ್ಲರೂ ಆಚೆ. ತುರುವೇಕೆರೆಯ ಮೇಷ್ಟ್ರೊಬ್ಬರು ಹಾರಾಡಿದರು. ಹಾರಾಡಲಿ, ಬಾಗಿಲು ಹಾಕಿಕೊಂಡೆ.

ನವೆಂಬರ್ 4, ಬೆಳಿಗ್ಗೆ 10.05

ಬೆಳಗಿನ ಜಾವದಿಂದ ಕೋಮಲಾ ಮಹಡಿಯ ಲೇಬರ್ ರೂಮಿನಲ್ಲಿ. ಸ್ಕ್ಯಾನಿಂಗ್ ಎಲ್ಲ ಸರಿಯಾಗಿಯೇ ಇತ್ತು, ಗೊತ್ತು. ಆದರೂ ಒಂದು ಕೈ ಎಕ್ಸ್‌ರೇಗೆ ಎಡ ಬಲ ತಪ್ಪಾಗಿ ಬರೆದು ತಿದ್ದಿದೆ.

10.40

ಅಳು. ಇಲ್ಲಿವರೆಗೂ ಕೇಳಿಸುತ್ತಿದೆ. ಜಯಕ್ಕ ಮೆಟ್ಟಿಲ ಮೇಲಿನಿಂದ ಕೂಗಿದರು. "ರಾಧಾಮಣಿ, ಹೆಣ್ಣು ಕಣವ್ವ. ಬೆರಳೆಲ್ಲ ಎಣ್ಸಿದೀನಿ, ಸರಿಯಾಗವೆ. ಎತ್ಕೋ ಬಾ."

ಹೊರಗೆ ಆರು ಜನ ಕಾಯುತ್ತಿದ್ದಾರೆ. ಕಾಯಲಿ. ಕೈ ತೊಳೆದುಕೊಂಡು—