ಹೊರಟಲ್ಲಿಗೇ ಮರಳುವವರ ಲೆಕ್ಕ

ಜೋಡೂರು, ನವಲೂರು ಭಾಗ
ಎರಡನೆಯ ಬೇಸಿಗೆ, ಹುಣ್ಣಿಮೆಯ ಮಾರನೆಯ ದಿನ, ೨೧೫೩

ಪೂಜ್ಯ ಪ್ರತಿಭಾ ಆಯಿಯವರಿಗೆ,

ಮೊದಲು ಈ ತಾರೀಕಿಗೆ, ಆಮೇಲೆ ನನ್ನ ಮಾತುಗಳಿಗೆ ಕ್ಷಮೆ ಇರಲಿ. ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿಮಗೆ ತಮಾಷೆ ಎನಿಸಬಹುದು. ನಮಗೆ ದಸರೆ ಮುಗಿಯುತ್ತಲೇ ಇನ್ನೊಂದು ಬೇಸಿಗೆ ಕಾಲಿಡುವುದು ಸಹಜವಾಗಿಬಿಟ್ಟಿದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಖಾಲಿ ನೆಲ ಉಳಿಯದೆ ಎರಡೂ ಕೂಡಿ ಜೋಡೂರು ಎಂಬ ಒಂದೇ ಊರಾಗಿ ಬಹಳ ಕಾಲವಾಯಿತು. ಧಾರವಾಡದವರು ಮಾತ್ರ ಇನ್ನೂ ಒಪ್ಪಿಲ್ಲ. ನಾನು ಚನ್ನಕ್ಕ, ನಿಮ್ಮ ಮೊಮ್ಮಗಳ ಮೊಮ್ಮಗಳು. ನೀವು ಇದನ್ನು ಓದುವ ಹೊತ್ತಿಗೆ ನನಗಿಂತ ಒಂದೆರಡು ವರ್ಷ ಚಿಕ್ಕವರೇ ಇರುತ್ತೀರಿ. ಆದರೂ ಆಯಿ ಎನ್ನದೆ ಬೇರೇನೆಂದು ಕರೆಯಲಿ? ಈ ಪತ್ರ ನಿಮ್ಮ ಕೈ ಸೇರುವ ದಾರಿ ನನಗೆ ತಿಳಿಯದು. ಬರೆಯದೆ ಇರಲಾಗಲಿಲ್ಲ, ಅಷ್ಟೇ.

ನಮ್ಮಿಬ್ಬರದೂ ಒಂದೇ ಕಸುಬು. ಹೊಗೆಯಿಲ್ಲದೆ, ನೆಲ ನುಂಗದೆ ಊರು ಹೇಗೆ ಓಡಾಡಬೇಕು ಎಂದು ಸಲಹೆ ಹೇಳುವ ಕೆಲಸ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನಿಮ್ಮಿಂದಲೇ ಬಂದದ್ದು. ನೀವು ಮೇಲ್ಸೇತುವೆಗಳ ನಕ್ಷೆ ಬಿಡಿಸುವುದನ್ನು ಬಿಟ್ಟು ಬಸ್ಸುಗಳ ಕಡೆ ಬಂದಿರಂತೆ. ತೊಡೆಯ ಮೇಲೆ ಕಂಪ್ಯೂಟರು, ಅದರ ಪಕ್ಕಕ್ಕೆ ಮಗು. ಮುಖಗಳೆಲ್ಲ ಚೌಕ ಚೌಕವಾಗಿ ಕಾಣುವ ಸಭೆಯಲ್ಲಿ ಕ್ಯಾಮೆರಾ ಆರಿಸಿ ಹಾಲೂಡಿಸುತ್ತಿದ್ದಿರಂತೆ. ಈ ಮಾತನ್ನು ಅಜ್ಜಿ ಹೇಳುವಾಗಲೆಲ್ಲ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ನಮ್ಮ ಕಚೇರಿಯಲ್ಲಿ ಕಂಪ್ಯೂಟರು ಎಂಬ ವಸ್ತು ಇಲ್ಲ. ನನ್ನಜ್ಜಿಯ ಕಾಲದಲ್ಲಿ ಗಾಳಿಯಲ್ಲೇ ಅಕ್ಷರ ಮೂಡುತ್ತಿದ್ದವು, ಎಲ್ಲರಿಗೂ ತಲೆನೋವು ಬಂದು ಅದು ನಿಂತುಹೋಯಿತು. ಈಗಿರುವುದು ಕೇಳುಮೇಜು. ನೋಡಲು ನಿಮ್ಮ ಊಟದ ಮೇಜಿನಂತೆಯೇ ಮರದ್ದು. ಎದುರು ಕೂತು ಮಾತಾಡಿದರೆ ಊರಿನ ಲೆಕ್ಕವನ್ನೆಲ್ಲ ತಾನೇ ತರಿಸಿಕೊಂಡು, ನಾವು ಮಾತು ಮುಗಿಸುವ ಮೊದಲೇ ವರದಿ ಸಿದ್ಧಮಾಡಿ ಇಡುತ್ತದೆ. ಜಾಣ ಮೇಜು, ಇಲ್ಲವೆನ್ನಲಾರೆ. ಆದರೆ ಕಳೆದ ತಿಂಗಳು ನನ್ನ ಮಗಳು ಸಾವಂತ್ರಿ ಕಂಕುಳಲ್ಲಿ ಅತ್ತದ್ದನ್ನು ಅದು ‘ಸಾರ್ವಜನಿಕರ ಆಕ್ಷೇಪಣೆ’ ಎಂದು ದಾಖಲಿಸಿತು.

ಸಾವಂತ್ರಿಗೆ ಆರನೆಯ ತಿಂಗಳು. ಅವಳು ಮನೆಯಲ್ಲಿ ನಿದ್ದೆ ಮಾಡುವುದಿಲ್ಲ, ಆಯಿ. ಅತ್ತೆ ಬಜೆ ತೇಯ್ದು ನೆಕ್ಕಿಸಿದರು, ದೃಷ್ಟಿ ತೆಗೆದರು. ನನ್ನ ಗಂಡ ಈರಣ್ಣ ತೊಟ್ಟಿಲನ್ನು ಮನೆಯ ಎಲ್ಲ ಮೂಲೆಗೂ ಎಳೆದಾಡಿದ. ಅವಳು ಮಲಗುವುದು ಒಂದೇ ಕಡೆ, ನಿಧಾನಿಯಲ್ಲಿ. ಅವಳು ಮಲಗಿದರೆ ನಾನೂ ಅವಳ ಪಕ್ಕೆಯ ಮೇಲೆ ಕೈಯಿಟ್ಟು, ಉಸಿರು ಏರಿಳಿಯುವುದು ಅಂಗೈಗೆ ತಿಳಿಯುತ್ತಿರುವಂತೆ, ಒಂದಿಷ್ಟು ಕಣ್ಣು ಮುಚ್ಚುತ್ತೇನೆ.

ನಿಧಾನಿ ಎಂದರೇನೆಂದು ಹೇಳುತ್ತೇನೆ. ನಮ್ಮೂರಲ್ಲಿ ಅವಸರದವರಿಗೆ ಜಾರುಗಾಡಿಗಳಿವೆ. ನೆಲಕ್ಕೆ ತಾಗದೆ ಹೋಗುತ್ತವೆ, ಹುಬ್ಬಳ್ಳಿ ಕಡೆಯ ಉಣಕಲ್ಲಿನಲ್ಲಿ ಬಾಗಿಲು ಮುಚ್ಚಿ ಆಕಳಿಸುವಷ್ಟರಲ್ಲಿ ಧಾರವಾಡ ಬಂದಿರುತ್ತದೆ. ನಿಧಾನಿ ಹಾಗಲ್ಲ. ಹಳೆಯ ಬಸ್ಸಿನ ದಾರಿಯಲ್ಲೇ ಬಿಸಿಲಿನ ಬಲದಿಂದ ಓಡುವ ಉದ್ದನೆಯ ಬಂಡಿ. ಉಣಕಲ್ ಕೆರೆಯಿಂದ ಹೊರಟು, ನವಲೂರಿನ ಪೇರಲ ತೋಟಗಳನ್ನು ಬಳಸಿ, ಮತ್ತೆ ಕೆರೆಗೇ ಬರುತ್ತದೆ. ಒಳಗೆ ತಂಪು. ಸದ್ದು ಎಂದರೆ ಗಾಲಿಯದು ಮಾತ್ರ, ಸಣ್ಣಗೆ, ಮನೆಯಲ್ಲಿ ಯಾರೋ ದೂರದಲ್ಲಿ ರೊಟ್ಟಿ ತಟ್ಟುತ್ತಿರುವ ಹಾಗೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ತಗಡಿನ ಮನೆಗಳ ಮುದುಕಿಯರು, ಬಾಣಂತಿಯರು, ಏದುಸಿರಿನ ರೋಗಿಗಳು ಅದರಲ್ಲಿ ಬಂದು ಕೂರುತ್ತಾರೆ. ಸುತ್ತು ಹೊಡೆದು ಹತ್ತಿದಲ್ಲೇ ಇಳಿಯುತ್ತಾರೆ.

ಈ ನಿಧಾನಿಯನ್ನು ಮುಚ್ಚಬೇಕೇ ಎಂಬ ಪ್ರಶ್ನೆ ನನ್ನ ಮೇಜಿಗೇ ಬಂತು. ಮೇಜು ಉತ್ತರವನ್ನೂ ಇಟ್ಟಿತು: ಮುಚ್ಚಿ, ಆ ದಾರಿಯನ್ನು ಜಾರುಗಾಡಿಗೆ ಕೊಡಬೇಕು, ಏಕೆಂದರೆ ಮಧ್ಯಾಹ್ನದ ನಿಧಾನಿಯಲ್ಲಿ ಪ್ರಯಾಣಿಕರೇ ಇಲ್ಲ. ಓದಿ ನನಗೆ ದಿಗಿಲಾಯಿತು. ಹಿಂದಿನ ವಾರವಷ್ಟೇ ನನಗೇ ಕೂರಲು ಜಾಗ ಸಿಕ್ಕಿರಲಿಲ್ಲ. ಕೆದಕಿ ಕೇಳಿದಾಗ ಮೇಜು ಮರ್ಯಾದೆಯಿಂದಲೇ ತಿಳಿಸಿತು: ಪ್ರಯಾಣ ಎಂದರೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು, ಹತ್ತಿದ ಜಾಗವೂ ಇಳಿದ ಜಾಗವೂ ಒಂದೇ ಆದರೆ ಅದು ಸೊನ್ನೆ.

ನಮ್ಮ ಕಸುಬಿನಲ್ಲೊಂದು ಪದ್ಧತಿಯಿದೆ, ನಿಮ್ಮ ಕಾಲದಲ್ಲಿ ಇರಲಿಕ್ಕಿಲ್ಲ. ಇದಕ್ಕೆ ನಿಲ್ದಾಣದ ಓದು ಎನ್ನುತ್ತಾರೆ. ಯಾವ ದಾರಿಯ ಬಗ್ಗೆ ವರದಿಯೋ ಆ ದಾರಿಯ ನಿಲ್ದಾಣದಲ್ಲಿ ಸಲಹೆಗಾರರೇ ನಿಂತು, ಅಲ್ಲಿದ್ದವರಿಗೆ ಕೇಳುವಂತೆ ಅದನ್ನು ಓದಬೇಕು. ಓದದ ವರದಿಗೆ ಸಹಿ ಬೀಳುವುದಿಲ್ಲ. ಬಹುತೇಕರು ಯಾರೂ ಇಲ್ಲದ ಹೊತ್ತು ನೋಡಿ ಗೊಣಗಿ ಮುಗಿಸುತ್ತಾರೆ. ನಮ್ಮ ಮುಖ್ಯಸ್ಥ ರುದ್ರಗೌಡರು ನನಗೂ ಅದನ್ನೇ ಹೇಳಿದರು. “ಚನ್ನಕ್ಕಾರ, ಲಗೂ ಓದಿ ಬಂದು ಸಹಿ ಹಾಕ್ರಿ. ಮರಳುವರ್ಷದಾಗ ಇಲ್ಲದ ಉಸಾಬರಿ ಯಾಕ?” ಮರಳುವರ್ಷ ಎಂದರೆ ಹೆರಿಗೆಯ ರಜೆಯಿಂದ ಬಂದವರ ಪರೀಕ್ಷೆಯ ವರ್ಷ. ಆ ವರ್ಷದಲ್ಲಿ ಒಂದು ಕೆಲಸ ಕೈಬಿಟ್ಟರೂ ಹುದ್ದೆ ಇನ್ನೊಬ್ಬರಿಗೆ ಹೋಗಬಹುದು. ಗೌಡರು ಕೆಟ್ಟವರಲ್ಲ. ನನ್ನ ಒಳಿತಿಗೇ ಹೇಳಿದರು.

ನಾನು ಮಧ್ಯಾಹ್ನವೇ ಹೋದೆ. ಅತ್ತೆಗೆ ಜ್ವರವಿತ್ತು, ಸಾವಂತ್ರಿ ಕಂಕುಳಲ್ಲೇ ಇದ್ದಳು. ಉಣಕಲ್ ನಿಲ್ದಾಣದ ನೆರಳಿನಲ್ಲಿ ಬಂಡಿಗಾಗಿ ಕಾಯುತ್ತಿದ್ದವರ ಮುಂದೆ ನಿಂತು ಓದತೊಡಗಿದೆ. “ಮಧ್ಯಾಹ್ನದ ವೇಳೆ ಪ್ರಯಾಣಿಕರಿಲ್ಲದ ಕಾರಣ” ಎಂಬಲ್ಲಿಗೆ ಬರುತ್ತಿದ್ದಂತೆ ಫಕೀರವ್ವ ಎಂಬ ಮುದುಕಿ ತಿನ್ನುತ್ತಿದ್ದ ಪೇರಲವನ್ನು ಕೆಳಗಿಟ್ಟರು.

“ಏನವಾ, ನಿನ್ನ ಮೇಜಿಗೆ ನಾವು ಕಾಣಂಗಿಲ್ಲೇನ? ದಿನಾ ಇಲ್ಲೇ ಹತ್ತತೀವಿ, ಇಲ್ಲೇ ಇಳೀತೀವಿ.”

ಅದಕ್ಕೇ ಕಾಣುವುದಿಲ್ಲ ಅಜ್ಜಿ, ಎಂದೆ. ಸೊನ್ನೆಯ ಲೆಕ್ಕವನ್ನು ಬಿಡಿಸಿ ಹೇಳಿದೆ.

“ಹಂಗಾರ ನಾ ಎಲ್ಲಿಗೂ ಹೋಗೇ ಇಲ್ಲನ್ನು.”

ಅವರ ಪಕ್ಕದಲ್ಲಿದ್ದ ಬಾಣಂತಿಯೊಬ್ಬಳು ಮಗುವನ್ನು ಭುಜ ಬದಲಿಸುತ್ತ ನಕ್ಕಳು. “ನೀ ಅಷ್ಟ ಅಲ್ಲ ತಗೋ ಆಯಿ, ಓದಾಕಿನೂ ಹೋಗಿಲ್ಲ. ನಿನ್ನೆ ನನ್ನ ಬಾಜೂನ ಕುಂತಿದ್ಲು, ಬಾಯಿ ತಕ್ಕೊಂಡು ನಿದ್ದಿ ಹೊಡೀತಿದ್ಲು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಫಕೀರವ್ವ ಮಾತ್ರ ನಗಲಿಲ್ಲ. “ಹ್ವಾದ ಬ್ಯಾಸಗಿಗೆ ನಮ್ಮ ಮನಿ ಸಾಲಿನ್ಯಾಗ ಇಬ್ಬರು ಬಿಸಲಿನ ಝಳಕ್ಕ ಸತ್ತಹ್ವಾದ್ರು. ಅವ್ರಿಗೆ ಇಲ್ಲೀತನ ನಡದು ಬರಾಕ ಆಗತಿದ್ದಿಲ್ಲ. ನಾವು ಬರತೀವಿ, ಅದಕ್ಕ ಅದೀವಿ. ಈಗ ಓದವಾ ಮುಂದ, ಓದು.”

ನಾನು ಮುಂದೆ ಓದಲಿಲ್ಲ.

ಆಯಿ, ಈಗ ನನ್ನ ಪೇಚನ್ನು ಕೇಳಿ. ಯಾವ ದಾರಿಯಿಂದ ನಮಗೆ ಅನುಕೂಲವಿದೆಯೋ ಆ ದಾರಿಯ ಬಗ್ಗೆ ನಾವು ಸಲಹೆ ಕೊಡುವಂತಿಲ್ಲ. ಅದು ನಿಯಮ, ಒಳ್ಳೆಯ ನಿಯಮವೇ. ಕೆಲಸ ಒಪ್ಪಿಸುವ ಮೊದಲು ಮೇಜು ನನ್ನನ್ನೂ ಪರಿಶೀಲಿಸಿ, ಈಕೆಗೆ ನಿಧಾನಿಯಿಂದ ಯಾವ ಅನುಕೂಲವೂ ಇಲ್ಲ, ಈಕೆ ಅದರಲ್ಲಿ ಎಂದೂ ಪ್ರಯಾಣ ಮಾಡಿಲ್ಲ ಎಂದು ಬರೆದಿತ್ತು. ದಿನವೂ ಅದರಲ್ಲಿ ನಿದ್ದೆ ಮಾಡುವ ನಾನೂ ಅದಕ್ಕೆ ಸೊನ್ನೆ. ಬೇಕೆಂದರೆ ಸುಮ್ಮನಿರಬಹುದಿತ್ತು. ಸಲಹೆಗಾರ್ತಿಯಾಗಿಯೇ ಉಳಿದು ‘ಲೆಕ್ಕದಲ್ಲಿ ಏನೋ ಸಂಶಯ’ ಎಂದು ಒಂದು ಸಾಲು ಸೇರಿಸಬಹುದಿತ್ತು. ಆದರೆ ಸಂಶಯದ ಸಾಲುಗಳನ್ನು ತೀರ್ಮಾನ ಕೊಡುವ ಮಂಡಳಿ ಓದುವುದಿಲ್ಲ. ಈ ಸೊನ್ನೆಗಳು ಮನುಷ್ಯರು ಎಂದು ತೋರಿಸಲು ಒಬ್ಬರಾದರೂ ಎದ್ದು, ನಾನು ಅವರಲ್ಲೊಬ್ಬಳು ಎನ್ನಬೇಕು. ಹಾಗೆಂದ ಕೂಡಲೇ ಕುರ್ಚಿ ಬಿಡಬೇಕು.

ಬಿಟ್ಟೆ. ನಿನ್ನೆ ಗೌಡರ ಮುಂದೆ ಹೇಳಿದೆ. ಅವರು ಸಾವಂತ್ರಿಯ ಕಡೆ ನೋಡಿ, “ನಿದ್ದಿಗೆಟ್ಟ ತಲಿಯಿಂದ ಇಂಥಾ ನಿರ್ಧಾರ ಮಾಡಬಾರದ್ರೀ” ಎಂದರು. ನಿಧಾನಿಯಲ್ಲಿ ನಿದ್ದೆ ಮಾಡಿದ್ದರಿಂದಲೇ ಮಾಡಿದೆ ಎಂದೆ. ನಾಳೆ ಮಂಡಳಿ ಸೇರುತ್ತದೆ. ನಾನು ಸಾಕ್ಷಿಗಳ ಬೆಂಚಿನಲ್ಲಿ ಫಕೀರವ್ವನ ಪಕ್ಕ ಕೂರುತ್ತೇನೆ. ನನ್ನ ಬದಲು ಬರುವ ಹುಡುಗ ಬುದ್ಧಿವಂತ, ಮೇಜಿನ ಮಾತನ್ನು ಮೀರಿದವನಲ್ಲ. ನಿಧಾನಿ ಉಳಿಯುವುದೋ, ನನ್ನ ಹುದ್ದೆ ಉಳಿಯುವುದೋ, ಎರಡೂ ಹೋಗಿ ಮುಂದಿನ ಬೇಸಿಗೆಗೆ ಈ ಕೂಸನ್ನು ಎಲ್ಲಿ ಮಲಗಿಸುವುದೋ, ಒಂದೂ ತಿಳಿಯದು. ಹೆದರಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು.

ಮೇಜಿನ ಈ ವ್ಯಾಖ್ಯೆ ಎಲ್ಲಿಂದ ಬಂತೆಂದು ಹುಡುಕುತ್ತ ಹೋದೆ. ಪದರದ ಕೆಳಗೆ ಪದರ. ಗಾಳಿಯಕ್ಷರದವರು ಅದಕ್ಕಿಂತ ಹಿಂದಿನವರಿಂದ ತಂದಿದ್ದರು, ಅವರು ನಿಮ್ಮ ತಲೆಮಾರಿನ ಕಂಪ್ಯೂಟರುಗಳಿಂದ. ಎಲ್ಲಿಂದ, ಎಲ್ಲಿಗೆ: ನಿಮ್ಮ ಕಾಲದಲ್ಲಿ ಜನರನ್ನು ಕೇಳುತ್ತಿದ್ದುದು ಇಷ್ಟೇ. ದೂರುತ್ತಿಲ್ಲ, ಆಯಿ. ಕಾರುಗಳ ನಡುವೆ ಬಸ್ಸಿಗೊಂದು ಸಾಲು ಬಿಡಿಸಿಕೊಳ್ಳುವುದೇ ನಿಮಗೆ ಯುದ್ಧವಾಗಿತ್ತೆಂದು ಬಲ್ಲೆ. ಉಪಕರಣಗಳು ಬದಲಾಗುತ್ತ ಬಂದವು. ಅವುಗಳೊಳಗಿನ ಪ್ರಶ್ನೆಯನ್ನು ಯಾರೂ ತೆರೆದು ನೋಡಲಿಲ್ಲ. ಎಲ್ಲರಿಗೂ ಕೆಲಸವಿತ್ತು, ಮನೆಯಲ್ಲಿ ಕೂಸಿತ್ತು.

ಅದಕ್ಕೇ ಕೇಳಿಕೊಳ್ಳುತ್ತೇನೆ. ನಿಮ್ಮ ಮುಂದಿನ ಸಭೆಯಲ್ಲಿ, ಆ ಚೌಕಗಳಲ್ಲೊಂದರಲ್ಲಿ ಯಾರಾದರೂ ಪ್ರಯಾಣಿಕರೆಂದರೆ ಯಾರು ಎಂದು ಕೇಳಿದಾಗ, ಕ್ಯಾಮೆರಾ ಹಚ್ಚಿ. ಮಗು ತೊಡೆಯ ಮೇಲೇ ಇರಲಿ. ಎಲ್ಲಿಗೂ ಹೋಗದೆ ಬಸ್ಸಿನಲ್ಲಿ ಕೂತಿರುವವರೂ ಇದ್ದಾರೆ, ಅವರನ್ನೂ ಎಣಿಸಿ ಎಂದು ಹೇಳಿ. ನಾನು ಸಾಕ್ಷಿಯಾಗಿಬಿಟ್ಟೆ, ನನ್ನ ಮಾತಿಗೆ ಇನ್ನು ಒಬ್ಬ ಹೆಂಗಸಿನ ಮಾತಿನಷ್ಟೇ ತೂಕ. ನೀವು ಇನ್ನೂ ಸಲಹೆಗಾರ್ತಿ. ಆ ಕುರ್ಚಿಯಲ್ಲಿ ಕೂತಿರುವಾಗಲೇ ಹೇಳಿಬಿಡಿ.

ನಿಮ್ಮವಳೇ,
ಚನ್ನಕ್ಕ ಕಡಪಟ್ಟಿ